ಸಿದ್ಧಪ್ಪನವರ ಹೆಸರಿನ ಗಿಡ

ಕಪಿಲೆಯ ದಡದಲ್ಲಿ ವರದಯ್ಯ ಗುರುಗಳ ಆಶ್ರಮ. ಅಲ್ಲಿ ಜಪತಪಕ್ಕಿಂತ ಗಿಡಗಳ ಕೆಲಸವೇ ಹೆಚ್ಚು. ಗಿಡ ತರುವುದು, ಹಳೇ ಪೇಪರಿನ ನಡುವೆ ಇಟ್ಟು ಎರಡು ಹಲಗೆಗಳಲ್ಲಿ ಬಿಗಿದು ಒಣಗಿಸುವುದು, ದಪ್ಪ ಹಾಳೆಗೆ ಅಂಟಿಸಿ ಅದರ ವೈಜ್ಞಾನಿಕ ಹೆಸರು ಬರೆಯುವುದು. ಪೂಜೆ ಅಂದರೆ ಅಲ್ಲಿ ಇದೇ.

ನಲವತ್ತು ವರ್ಷದ ಹಿಂದೆ ಗುರುಗಳು ಹೊಳೆಬಂಡೆಯ ಸಂದಿಯಲ್ಲಿ ಒಂದು ಹಳದಿ ಹೂವಿನ ಗಿಡ ಕಂಡಿದ್ದರು. ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಕಂಡವರು ತಮ್ಮ ಹೆಸರನ್ನೇ ಇಟ್ಟುಕೊಳ್ಳುವ ಪದ್ಧತಿಯಿಲ್ಲ. ತೀರಿಹೋಗಿದ್ದ ತಮ್ಮ ಗುರು ಸಿದ್ಧಪ್ಪನವರ ಹೆಸರನ್ನು ಅವರು ಅದಕ್ಕೆ ಇಟ್ಟರು. ಲೋಕದಲ್ಲಿ ಸಿದ್ಧಪ್ಪನವರ ಹೆಸರು ಉಳಿದಿದ್ದದ್ದು ಅದೊಂದರಲ್ಲೇ.

ಆಶ್ರಮದ ಗಿಡಗಳ ಪಟ್ಟಿ ಪುಸ್ತಕವಾಗಿ ಅಚ್ಚಿಗೆ ಹೋಗುವುದರಲ್ಲಿತ್ತು. ಎಂಟು ವರ್ಷದಿಂದ ಅಲ್ಲೇ ಇದ್ದ ಶಿಷ್ಯ ಮರಿಸ್ವಾಮಿ ಒಂದೊಂದೇ ಹೆಸರನ್ನು ತಾಳೆ ನೋಡುತ್ತಿದ್ದ. ಆಗಲೇ ತೊಂಬತ್ತು ವರ್ಷ ಹಳೆಯ ಸಸ್ಯಶಾಸ್ತ್ರ ಪತ್ರಿಕೆಯೊಂದರ ಹಾಳೆ ಅವನ ಕೈಗೆ ಸಿಕ್ಕಿತು. ಅದರಲ್ಲಿ ಅದೇ ಹೂವು, ಅದೇ ಎಲೆ, ಬೇರೆ ಯಾರೋ ಇಟ್ಟ ಬೇರೆ ಹೆಸರು.

ಮೊದಲು ಇಟ್ಟ ಹೆಸರೇ ನಿಲ್ಲಬೇಕು ಎಂಬುದು ಆ ಶಾಸ್ತ್ರದ ನಿಯಮ. ಮರಿಸ್ವಾಮಿ ಆ ಹಾಳೆಯನ್ನು ಮಡಚಿ, ತನ್ನ ಗಿಡಗಳ ಹಲಗೆಯ ನಡುವೆ ತುರುಕಿ, ಹಗ್ಗ ಬಿಗಿದುಬಿಟ್ಟ.

ಹಲಗೆಯೊಳಗಿನ ಪೇಪರನ್ನು ದಿನಾ ಬದಲಾಯಿಸಬೇಕು. ಅದನ್ನು ಬಿಚ್ಚಲು ಅವನಿಗೆ ಮನಸ್ಸೇ ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಗುರುಗಳು ಮೂಗರಳಿಸಿದರು.

"ಎಲ್ಲೋ ಬೂಷ್ಟು ವಾಸನೆ ಬರ್ತಿದೆಯಲ್ಲಪ್ಪ?"

ಮರಿಸ್ವಾಮಿ ಏಳುವಷ್ಟರಲ್ಲಿ ಅವರೇ ಹಗ್ಗ ಬಿಚ್ಚಿದ್ದರು. ಬೂಷ್ಟು ಹಿಡಿದ ಗಿಡಗಳನ್ನು ಪಕ್ಕಕ್ಕಿಟ್ಟು ಆ ಹಾಳೆಯನ್ನು ಬಿಡಿಸಿದರು. ಪೂರ್ತಿ ಓದಿದರು. ಭೂತಗನ್ನಡಿ ತಂದು ಬಹಳ ಹೊತ್ತು ಚಿತ್ರ ನೋಡಿದರು. ಅವರ ಮುಖ ಬಾಡಿತು. ನೋಡಲಾರದೆ ಮರಿಸ್ವಾಮಿ ತಲೆ ತಗ್ಗಿಸಿದ.

"ಅದೇ ಗಿಡ" ಎಂದರು ಗುರುಗಳು. "ಯಾಕೆ ಬಚ್ಚಿಟ್ಟೆ?"

"ಸಿದ್ಧಪ್ಪನವರ ಹೆಸರು ಹೋಗಿಬಿಡುತ್ತೆ, ಗುರುಗಳೇ. ನನ್ನ ಕೈಯಲ್ಲಿ ಹೋಗೋದು ಬೇಡ ಅನ್ನಿಸ್ತು."

"ಹೂಂ."

"ಆ ಪತ್ರಿಕೆ ಯಾವತ್ತೋ ನಿಂತುಹೋಗಿದೆ. ಅದನ್ನ ಇನ್ನು ಯಾರು ಹುಡುಕ್ತಾರೆ? ಹೀಗೇ ಬಿಟ್ಟುಬಿಡೋಣ."

ಗುರುಗಳು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲಿ ಓದು."

ಮರಿಸ್ವಾಮಿ ಓದಿದ. ಈ ಗಿಡ ತಿಂದ ದನಗಳಿಗೆ ಹೊಟ್ಟೆಯುಬ್ಬರ ಬರುತ್ತದೆ ಎಂದು ಅದರಲ್ಲಿತ್ತು.

"ನಲವತ್ತು ವರ್ಷ ನನಗಿದು ಗೊತ್ತೇ ಇರಲಿಲ್ಲ. ಒಂದು ಗಿಡಕ್ಕೆ ಎರಡು ಹೆಸರಾದ್ರೆ ತಿಳಿದದ್ದೂ ಎರಡು ಪಾಲಾಗುತ್ತೆ. ಹೋಗು, ನನ್ನ ಗಿಡದ ಹಾಳೆ ತಗೊಂಡು ಬಾ."

ಅವನು ತಂದ. ನಲವತ್ತು ವರ್ಷದಲ್ಲಿ ಹೂವು ಕಂದಿತ್ತು. ಹೆಸರು ಬರೆದ ಹಳೆಯ ಚೀಟಿಯ ಮೇಲೆ ಗುರುಗಳ ದುಂಡನೆಯ ಅಕ್ಷರ ಹಾಗೇ ಇತ್ತು. ಮರಿಸ್ವಾಮಿ ಚೀಟಿಯ ಅಂಚಿಗೆ ಉಗುರು ಹಾಕಿದ.

"ಕೀಳಬೇಡ. ತಪ್ಪು ಹೆಸರೂ ಅಲ್ಲೇ ಇರಬೇಕು. ಸರಿಯಾದದ್ದನ್ನ ಪಕ್ಕದಲ್ಲಿ ಅಂಟಿಸೋದು."

ಗುರುಗಳು ಹೊಸ ಚೀಟಿ ಬರೆದರು. ಮೇಲೆ ಆ ಪತ್ರಿಕೆಯಲ್ಲಿದ್ದ ಹೆಸರು, ಕೆಳಗೆ ತಾರೀಖು, ಅದರ ಕೆಳಗೆ 'ಗುರುತಿಸಿದವರು: ಮರಿಸ್ವಾಮಿ'.

"ನನ್ನ ಹೆಸರು ಬೇಡ, ಗುರುಗಳೇ! ಗುರುವಿನ ತಪ್ಪು ಹಿಡಿದವನು ಅಂತ ಜನ ಆಡಿಕೊಳ್ತಾರೆ."

"ಹಿಡಿದದ್ದು ನೀನೇ ತಾನೆ?"

ಗೋಂದು ಹಚ್ಚಿ ಚೀಟಿ ಅಂಟಿಸಿ, ಹೆಬ್ಬೆರಳಿಂದ ಒತ್ತಿದರು. ಪಟ್ಟಿಯಲ್ಲೂ ಹೆಸರು ತಿದ್ದಿದರು.

ಮರಿಸ್ವಾಮಿಗೆ ಅಳು ತಡೆಯಲಾಗಲಿಲ್ಲ.

"ಸಿದ್ಧಪ್ಪನವರಿಗೆ ನೀವು ಮಾಡಿದ್ದ ಒಂದೇ ಗೌರವ ಅದು. ಹಾಳು ಮಾಡಿಬಿಟ್ಟೆ."

ಗುರುಗಳು ಹೊಳೆಯ ಕಡೆ ತಿರುಗಿ ಕೂತರು.

"ಅವರೂ ಒಂದು ಗಿಡದಲ್ಲಿ ತಪ್ಪಿದ್ದರು ಕಣಯ್ಯ. ನಾನು ಕಂಡಿದ್ದೆ, ಆದ್ರೆ ಅವರು ಕಣ್ಣುಮುಚ್ಚೋ ತನಕ ನಾನು ಅವರಿಗೆ ಹೇಳಲಿಲ್ಲ. ಆ ಸಂಕಟಕ್ಕೇ ಇದಕ್ಕೆ ಅವರ ಹೆಸರಿಟ್ಟದ್ದು. ನೀನು ಪುಣ್ಯವಂತ, ಮೂರೇ ದಿನಕ್ಕೆ ಸಿಕ್ಕಿಬಿದ್ದೆ."