ನೀರಿನ ಮುಂದೆ ಓಡಿದವನು

ಗವಿಯಜ್ಜನ ಮಠಕ್ಕೆ ಗೋಪುರವಿರಲಿಲ್ಲ, ಪಕ್ಕದಲ್ಲಿ ಕೆರೆಯ ತೂಬಿತ್ತು. ತೂಬಿನಿಂದ ಹೊರಟ ಕಾಲುವೆ ಬೆಟ್ಟವನ್ನು ಸುತ್ತಿ, ಹನ್ನೆರಡು ತಿರುವು ತಿರುಗಿ, ಕೊನೆಗೆ ಬೂದಿಮಡ್ಡಿ ಎಂಬ ಊರಿನ ಗದ್ದೆ ಸೇರುತ್ತಿತ್ತು.

ವರ್ಷಕ್ಕೊಮ್ಮೆ, ಒಣಗಿದ ಕಾಲುವೆಗೆ ಮೊದಲ ನೀರು ಬಿಡುವ ದಿನ, ಮಠದವರೊಬ್ಬರು ಗೆಜ್ಜೆ ಕಟ್ಟಿದ ಕೋಲು ಹಿಡಿದು ನೀರಿನ ಮುಂದೆ ಓಡಬೇಕು. ಗೆಜ್ಜೆ ಕೇಳಿದವರು ನೀರು ಬಂತೆಂದು ತಿಳಿಯಬೇಕು. ಮೂವತ್ತು ವರ್ಷ ಅಜ್ಜನೇ ಓಡಿದ್ದರು. ಈ ವರ್ಷ ಅವರ ಮೊಣಕಾಲುಗಳು ಮುನಿಸಿಕೊಂಡಿದ್ದವು.

ಕೋಲು ಯಾರಿಗೆ ಎಂಬ ಪ್ರಶ್ನೆಯೇ ಇರಲಿಲ್ಲ, ಕೊನೇಪಕ್ಷ ಕೊಟ್ರನ ಮನಸ್ಸಿನಲ್ಲಿ. ಶಿಷ್ಯರಲ್ಲಿ ಅವನಷ್ಟು ಓಡುವವರು ಇನ್ನೊಬ್ಬರಿಲ್ಲ. ಆರು ತಿಂಗಳಿಂದ ನಸುಕಿಗೇ ಎದ್ದು ಹೊಲದ ಬದು, ಕಾಲುವೆ ದಂಡೆ, ಬೆಟ್ಟದ ಬಂಡೆ ಎಲ್ಲವನ್ನೂ ತುಳಿದು ಬಂದಿದ್ದ. ಆ ಕೋಲು ಕೈಗೆ ಬಂದರೆ ಸಾಕು, ಬೇರೇನೂ ಬೇಡ ಅನ್ನುವಷ್ಟು ಆಸೆ ಅವನಿಗೆ.

ಹಿಂದಿನ ಸಂಜೆ ಅಜ್ಜ ಕರೆದು ಕೋಲು ಕೊಟ್ಟರು.

"ದಾರಿ ಗೊತ್ತೈತೇನಪಾ?"

"ಕಣ್ಣು ಕಟ್ಟಿ ಬಿಟ್ರೂ ಓಡ್ತೀನ್ರಿ ಅಜ್ಜಾರೆ."

"ಕಣ್ಣು ಬಿಟ್ಕೊಂಡು ಓಡಿದ್ರ ಸಾಕು."

"ನೀವು ಎಷ್ಟು ಹೊತ್ತಿಗೆ ಮುಟ್ಟತಿದ್ರಿ?"

"ಹೊತ್ತು ಇಳಿಯೋವಾಗ."

ಕೊಟ್ರ ತುಟಿ ಕಚ್ಚಿ ನಗು ತಡೆದ. ನಸುಕಿಗೆ ಹೊರಟು ಹೊತ್ತು ಇಳಿಯುವಾಗ ಮುಟ್ಟುವುದೂ ಒಂದು ಓಟವೇ?

"ಈ ವರ್ಷ ಕೆರಿ ಅರ್ಧಾನ ತುಂಬೈತಿ," ಅಂದರು ಅಜ್ಜ. "ಬಿಡೋದು ಎರಡು ದಿನದ ನೀರು. ಬೂದಿಮಡ್ಡಿ ಸಸಿಮಡಿ ಕಾಯ್ಕೊಂಡು ಕುಂತಾವು. ಇನ್ನೊಂದು ಮಾತು. ಕಾಲು ತೊಯ್ದ ಮ್ಯಾಲೇ ಆ ಊರೊಳಗ ಹೋಗು."

"ಆಗಲ್ರಿ," ಅಂದ ಕೊಟ್ರ. ಮಡಿಯ ಮಾತು ಇರಬೇಕು ಅಂದುಕೊಂಡ.

ನಸುಕಿಗೆ ತೂಬು ಎತ್ತಿದರು. ಕೊಟ್ರ ಓಡಿದ. ಒಮ್ಮೆ ತಿರುಗಿ ನೋಡಿದರೆ, ನೀರು ಗುಂಡಿ ಕಂಡಲ್ಲಿ ನಿಂತು, ಬಿರುಕು ಕಂಡಲ್ಲಿ ಇಳಿದು, ನೆಂಟರ ಮನೆಗೆ ಹೊರಟ ಮುದುಕಿಯ ಹಾಗೆ ಬರುತ್ತಿತ್ತು. ಅವನಿಗೆ ನಗು ಬಂತು.

ಐದನೇ ತಿರುವಿನವರೆಗೆ ಕಾಲುವೆ ದಂಡೆಯಲ್ಲೇ ಓಡಿದ. ಅಲ್ಲಿಂದಾಚೆ ಕಾಲುವೆ ಬೆಟ್ಟದ ಬೆನ್ನ ಹಿಂದೆ ಹೋಗಿ ನಾಲ್ಕು ತಿರುವು ಸುತ್ತಿ ಬರುತ್ತದೆ. ಬಂಡೆ ಹತ್ತಿ ಆಚೆ ಇಳಿದರೆ ನೇರ ಒಂಬತ್ತನೇ ತಿರುವು! ಈ ಅಡ್ಡದಾರಿಯನ್ನು ಅವನು ತಿಂಗಳ ಹಿಂದೆಯೇ ಕಂಡುಕೊಂಡಿದ್ದ. ಅಜ್ಜನಿಗೆ ಹೇಳಿರಲಿಲ್ಲ. ಗೆದ್ದು ಬಂದು ಹೇಳೋಣ ಅಂತ ಉಳಿಸಿಕೊಂಡಿದ್ದ.

ಬೂದಿಮಡ್ಡಿ ಮುಟ್ಟಿದಾಗ ಇನ್ನೂ ಎಳೆಬಿಸಿಲು. ಅಜ್ಜನ ಮಾತು ನೆನಪಾಯಿತು. ಸೊಂಟದ ಸೋರೆಬುರುಡೆ ಬಿಚ್ಚಿ, ಕುಡಿಯಲೆಂದು ತಂದಿದ್ದ ನೀರನ್ನು ಎರಡೂ ಪಾದಕ್ಕೆ ಸುರಿದುಕೊಂಡು, ಗುರುವಿನ ಮಾತು ಮೀರದ ಶಿಷ್ಯನಾಗಿ ಊರೊಳಗೆ ಕಾಲಿಟ್ಟ.

ಊರವರು ಹಾರ ಹಾಕಿದರು, ಹೋಳಿಗೆ ಬಡಿಸಿದರು. ಹೆಂಗಸರು ಕೊಡ ಹಿಡಿದು ಕಾಲುವೆ ದಂಡೆಗೆ ಸಾಲಾಗಿ ಬಂದು ನಿಂತರು.

ಊರಿನ ಹಿರಿಯರೊಬ್ಬರು ಕೇಳಿದರು: "ಅಜ್ಜಾರು ಬಂದ್ರ ಬೆನ್ನಿಗೇ ನೀರು ಬರತಿತ್ತು. ನಿನ್ನ ನೀರೆಲ್ಲೈತಿ ತಮ್ಮಾ?"

"ಹಿಂದ ಬರಾಕತ್ತೈತ್ರಿ."

ಎರಡನೇ ಹೋಳಿಗೆ ಮುಗಿಯಿತು. ಮೂರನೆಯದೂ ಮುಗಿಯಿತು. ಬಿಸಿಲು ನೆತ್ತಿಗೆ ಬಂದು ವಾಲಿತು. ಕಾಲುವೆಯಲ್ಲಿ ಒಂದು ಓತಿಕ್ಯಾತ ಬಿಟ್ಟರೆ ಬೇರೇನೂ ಅಲುಗಾಡಲಿಲ್ಲ.

ದಂಡೆಯ ಮೇಲಿದ್ದ ಹೆಂಗಸೊಬ್ಬಳು ಖಾಲಿ ಕೊಡ ಸೊಂಟಕ್ಕೇರಿಸಿಕೊಂಡು ಮನೆ ಕಡೆ ನಡೆದಳು. ಬೈದಿದ್ದರೂ ಕೊಟ್ರನಿಗೆ ಅಷ್ಟು ನೋಯುತ್ತಿರಲಿಲ್ಲ.

ಅವನು ಹಾರ ತೆಗೆದಿಟ್ಟು ಬಂದ ಕಡೆಗೇ ಓಡಿದ. ಈ ಸಲ ಬಂಡೆ ಹತ್ತಲಿಲ್ಲ, ಕಾಲುವೆ ಬಿಡಲಿಲ್ಲ. ಒಂಬತ್ತನೇ ತಿರುವು ಒಣ. ಎಂಟನೆಯದೂ ಒಣ.

ಏಳನೇ ತಿರುವಿನಲ್ಲಿ ಕಾಲುವೆಗೆ ಅಡ್ಡಲಾಗಿ ಮಣ್ಣಿನ ಒಡ್ಡು. ಆಚೆ ನೀರು ತುಂಬಿ, ದಂಡೆ ಮೀರಿ, ಕಲ್ಲುಭೂಮಿಗೆ ಹರಿದು ಹೋಗುತ್ತಿತ್ತು. ಒಡ್ಡಿನ ಮೇಲೆ ಗವಿಯಜ್ಜ ಕಾಲನ್ನು ನೀರಿಗೆ ಇಳಿಬಿಟ್ಟು ಹುರಿದ ಶೇಂಗಾ ತಿನ್ನುತ್ತ ಕೂತಿದ್ದರು. ಪಕ್ಕದಲ್ಲೊಂದು ಕತ್ತೆ. ಕೆಳಗೆ ಗುದ್ದಲಿ ಹಿಡಿದು ಬೆವರುತ್ತಿದ್ದ ಕುಂಬಾರ ತಿಪ್ಪವ್ವ.

"ಬಂದ್ಯಾ, ಗೆಜ್ಜಿ ಶೂರ!" ಅಂದಳು ತಿಪ್ಪವ್ವ. "ಜೇಡಿಮಣ್ಣು ಹೊತ್ತು ನನ್ನ ಕತ್ತೆ ದಾಟೋದು ಈ ಒಡ್ಡಿನ ಮ್ಯಾಲೇ. ವರ್ಷಾ ಗೆಜ್ಜಿ ಕೇಳಿದ ಕೂಡಲೇ ಕಡದು ಹಾಕ್ತೀನಿ. ಈ ಸಲ ಗೆಜ್ಜಿ ಎಲ್ಲಿ ಕೇಳಸ್ತು? ತಿರುಗಿ ನೋಡೋದ್ರೊಳಗ ನೀರು ಬಂದು ನಿಂತಿತ್ತು, ಒಬ್ಬಾಕಿ ಕೈಲೆ ಕಡಿಯೋದಾಗಲಿಲ್ಲ. ಇದೇ ಕತ್ತೆ ಮ್ಯಾಲೆ ಅಜ್ಜಾರನ್ನ ಕರಕೊಂಡು ಬಂದೆ."

ಅಜ್ಜ ಶೇಂಗಾ ಸಿಪ್ಪೆ ಊದಿದರು. "ಬೂದಿಮಡ್ಡಿ ಮುಟ್ಟಿದ್ಯಾ?"

"ಮುಟ್ಟಿದ್ದೆ ಅಜ್ಜಾರೆ. ಎಳೆಬಿಸಿಲಿಗೇ."

"ಕಾಲು ತೊಯ್ದಿದ್ವೇನು?"

"ಹೂಂನ್ರಿ. ಬುರುಡಿ ನೀರು ಹಾಕ್ಕೊಂಡೇ ಒಳಗ ಹೋದೆ."

ಅಜ್ಜ ಬಗ್ಗಿ ಅವನ ಪಾದ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಶೇಂಗಾ ಗಂಟಲಿಗೆ ಸಿಕ್ಕಿ, ತಿಪ್ಪವ್ವ ಮೇಲೆ ಬಂದು ಬೆನ್ನು ಗುದ್ದಬೇಕಾಯಿತು.

ಕೊಟ್ರನಿಗೆ ಮಾತ್ರ ಅಳು ಬಂತು. ಕೋಲನ್ನು ಅಜ್ಜನ ಮುಂದಿಟ್ಟ. "ಇದಕ್ಕ ನಾನು ಲಾಯಕ್ಕಲ್ರಿ. ಬ್ಯಾರೆ ಯಾರಿಗಾದ್ರೂ ಕೊಡ್ರಿ."

"ಕೊಡೋಣಂತ. ಮೊದಲು ಗುದ್ದಲಿ ಹಿಡಿ."

ಕೊಟ್ರ ಕಡಿದ. ಅಂಗೈ ಬೊಬ್ಬೆ ಎದ್ದರೂ ಕಡಿದ. ತಿಪ್ಪವ್ವ ಬುಟ್ಟಿಯಲ್ಲಿ ಮಣ್ಣು ಎತ್ತಿ ಹಾಕಿದಳು, ಬೈಗುಳವನ್ನೂ ಜೊತೆಗೇ ಹಾಕಿದಳು. ಕತ್ತೆಯನ್ನು ಹಿಡಿದುಕೊಂಡು ಅಜ್ಜ ದಂಡೆಗೆ ಸರಿದರು. ಒಡ್ಡು ಒಮ್ಮೆಲೇ ಕುಸಿದು ನೀರು ನುಗ್ಗಿತು.

ಅಜ್ಜ ಕೋಲನ್ನು ಕೊಟ್ರನ ಕಡೆ ಎಸೆದರು.

"ನೀರು ಹೊಂಟಿತಲ್ಲೋ. ನೀನಿನ್ನೂ ಇಲ್ಲೇ ನಿಂತೀಯಲ್ಲ?"

ಕೊಟ್ರ ಹಿಡಿದ, ಓಡಿದ.

ಹತ್ತನೇ ತಿರುವಿನಲ್ಲಿ ಹೆಂಗಸೊಬ್ಬಳು ಕಾಲುವೆಯ ತಳದ ತುಂಬ ಕೆಂಪು ಮೆಣಸಿನಕಾಯಿ ಒಣಹಾಕಿದ್ದಳು.

"ಅಕ್ಕಾ, ಬೆಳಿಗ್ಗೆ ಗೆಜ್ಜಿ ಕೇಳಲಿಲ್ಲೇನು?"

"ಕೇಳೇ ಎಲ್ಲಾ ಬಳದು ಎತ್ತಿದ್ದೆ. ನೀರೇ ಬರಲಿಲ್ಲ, ನೀನೂ ಹಿಂದಕ್ಕ ಓಡಿದ್ದು ನೋಡಿ ಮತ್ತ ಹರಡಿದೆ. ನಿನ್ನ ಗೆಜ್ಜಿ ಇನ್ನ ನಂಬೂದಿಲ್ಲ ಹೋಗು."

ನಂಬಿಸಲು ಹೊತ್ತಿರಲಿಲ್ಲ. ಕೊಟ್ರ ಕಾಲುವೆಗೆ ಇಳಿದು ತಾನೇ ಬಳಿಯತೊಡಗಿದ. ಸೀನುತ್ತ ಬಳಿದ, ಬಳಿಯುತ್ತ ಸೀನಿದ. ಅವನ ಅವಸ್ಥೆ ನೋಡಲಾರದೆ ಆಕೆಯೂ ಬಂದು ಸೆರಗಿಗೆ ತುಂಬಿಕೊಂಡಳು. ಕೊನೆಯ ಮೆಣಸಿನಕಾಯಿ ಎತ್ತಿದಾಗ ತಿರುವಿನಲ್ಲಿ ನೀರು ಕಾಣಿಸಿಕೊಂಡಿತು.

ಹನ್ನೊಂದನೇ ತಿರುವಿನ ಸೇತುವೆಯ ಕೆಳಗೆ ಇಬ್ಬರು ಮುದುಕರು ಹುಲಿಕಟ್ಟಿನ ಆಟ ಆಡುತ್ತಿದ್ದರು. ಅವರೂ ಬೆಳಿಗ್ಗೆ ಎದ್ದು ಹೋಗಿ, ಅವನು ಹಿಂದಕ್ಕೆ ಓಡಿದ ಮೇಲೆ ಮತ್ತೆ ಬಂದು ಕೂತವರೇ.

"ಏಳ್ರಿ ಯಜಮಾನ್ರೇ, ನೀರು!"

"ತಡಿಯಪಾ, ಇವನ ಹುಲಿ ಕಟ್ಟೇಬಿಡ್ತೀನಿ."

ಕೊಟ್ರ ಕಾಯಿಗಳನ್ನು ಬಾಚಿ ಜೇಬಿಗೆ ಹಾಕಿಕೊಂಡು, ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ದಂಡೆಗೆ ಹತ್ತಿಸಿದ. ಕಾಯಿ ತಿರುಗಿ ಕೊಡುವವರೆಗೆ ಅವರು ಅವನ ಅಂಗಿ ಬಿಡಲಿಲ್ಲ.

ಬೂದಿಮಡ್ಡಿಯ ಅಗಸಿಬಾಗಿಲ ಮುಂದೆ ಬಂದಾಗ ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು. ಕೊಟ್ರ ಕಾಲುವೆಯೊಳಗೇ ಮಂಡಿ ಹಿಡಿದು ಬಗ್ಗಿ ನಿಂತ. ಹಾರವಿಲ್ಲ, ಹೋಳಿಗೆಯಿಲ್ಲ. ಗೆಜ್ಜೆ ಅಲ್ಲಾಡಿಸಲು ಕೈ ಏಳಲಿಲ್ಲ.

ಹಿಮ್ಮಡಿಗೆ ಏನೋ ತಣ್ಣಗೆ ತಾಕಿತು.

ಅವನು ಬಗ್ಗಿ ನೋಡುವಷ್ಟರಲ್ಲಿ ಅದು ಪಾದ ದಾಟಿ ಮುಂದೆ ಹೋಗಿತ್ತು. ದಂಡೆಯ ಮೇಲೆ ಯಾರೋ ಕೂಗಿದರು. ಮಧ್ಯಾಹ್ನ ಖಾಲಿ ಕೊಡದೊಂದಿಗೆ ಹೋದವಳೇ ಎಲ್ಲರಿಗಿಂತ ಮೊದಲು ಓಡಿ ಬಂದಳು. ಕೊಟ್ರ ನಕ್ಕ, ಅತ್ತ, ಮತ್ತೊಮ್ಮೆ ಸೀನಿದ.

ಮರುದಿನ ಬೆಳಿಗ್ಗೆ ಅಜ್ಜ ಮಠದ ಜಗಲಿಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕೊಟ್ರ ಕೋಲನ್ನು ಅವರ ಗೂಟಕ್ಕೆ ತೂಗುಹಾಕಲು ಹೋದ.

"ಅಲ್ಲಿ ಬ್ಯಾಡ. ನಿನ್ನ ಹಾಸಿಗಿ ಹತ್ರ ಇಟ್ಕೋ."

ಕೊಟ್ರ ಕೋಲನ್ನು ಹಾಸಿಗೆಯ ಹತ್ತಿರ ಇಟ್ಟು ಬಂದು ಕೂತ. ಆದರೂ ಓಡುವವನ ಬುದ್ಧಿ ಎಲ್ಲಿಗೆ ಹೋದೀತು?

"ಅಜ್ಜಾರೆ, ನಿನ್ನೆ ನಾನು ಎರಡು ಸಲ ಊರು ಮುಟ್ಟಿದೆ. ಒಂದು ನಿಮಗಿಂತ ಭಾಳ ಜಲ್ದಿ, ಇನ್ನೊಂದು ನಿಮಗಿಂತ ತಡ. ಯಾವುದನ್ನ ಹಿಡೀಬೇಕ್ರಿ?"

ಅಜ್ಜ ಎಣ್ಣೆ ಕೈ ಒರೆಸಿಕೊಂಡರು.

"ಮೊದಲನೇ ಸಲ ಕಾಲಿಗೆ ನೀರು ನೀನ ಹಾಕ್ಕೊಂಡಿ. ಎರಡನೇ ಸಲ ಹಾಕಿದವರು ಯಾರಪಾ?"