ತಂಬಿಗೆ ಹಿಡಿದು ಬಂದವಳು

"ಗುರುಗಳೇ, ಅರ್ಧಕ್ಕೆ ನಿಂತ ಮಾತಿನಿಂದ ಯಾರಿಗೆ ಏನು ಪ್ರಯೋಜನ?"

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಆಶ್ರಮದ ಜಗಲಿಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದರು. ಶಿಷ್ಯನ ತಂದೆ ಕೊನೆಗಾಲದಲ್ಲಿ ಮಗನ ಕೈ ಹಿಡಿದು, 'ಇಷ್ಟು ಕಾಲ ಬದುಕಿ ನಾನು ತಿಳಿದುಕೊಂಡದ್ದು ಏನೆಂದರೆ' ಎಂದವರು ಅಲ್ಲಿಗೇ ಉಸಿರು ನಿಲ್ಲಿಸಿದ್ದರು. ಉಳಿದರ್ಧ ಏನಿತ್ತೆಂದು ಕಂಡಕಂಡವರನ್ನು ಕೇಳುತ್ತ ಊರೂರು ಅಲೆದ ಮಗ ಕೊನೆಗೆ ಈ ಆಶ್ರಮ ಸೇರಿದ್ದ. ಇಲ್ಲಿ ಅವನಿಗೆ ಮಾಸಪತ್ರಿಕೆಯ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ. ಆ ದಿನ ಒಂದು ವಾಕ್ಯ ಕಾಲಂನ ತಳದಲ್ಲಿ ತುಂಡಾಗಿ ನಿಂತದ್ದನ್ನು ಕಂಡು ಅವನಿಗೆ ಹಳೆಯ ಸಂಕಟ ಮರುಕಳಿಸಿತ್ತು.

ಗುರುಗಳು ಬತ್ತಿ ಹೊಸೆಯುತ್ತಲೇ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಪುಟ ಕಟ್ಟುವವನಿದ್ದ. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಸಂಘದ ವರದಿ, ಏನು ಕೊಟ್ಟರೂ ಕಂಪ್ಯೂಟರಿನಲ್ಲಿ ಜೋಡಿಸಿ ಅಚ್ಚಿಗೆ ಅಣಿ ಮಾಡುತ್ತಿದ್ದ. ಎಳ್ಳಷ್ಟು ಓರೆಕೋರೆಯೂ ಅವನಿಗೆ ಸೇರದು. ಅದರಲ್ಲೂ ಒಂದು ಕಾಲಂನ ತಳದಲ್ಲಿ ವಾಕ್ಯ ತುಂಡಾಗಿ ಪಕ್ಕದ ಕಾಲಂನ ತಲೆಗೆ ಹೋಗುವುದನ್ನು ಕಂಡರೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು. ಆ ಯಂತ್ರದಲ್ಲಿ ಕಾಲಂಗಳ ನಡುವೆ ಒಂದು ಕೊಂಡಿ ಇರುತ್ತದೆ, ನಿನಗೆ ಗೊತ್ತಿರುವುದೇ. ಮೊದಲನೆಯದು ತುಂಬಿದರೆ ಮಿಕ್ಕ ಮಾತು ತಾನಾಗಿ ಎರಡನೆಯದಕ್ಕೆ ಹರಿಯುತ್ತದೆ, ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿದ ಹಾಗೆ. ಇವನು ಆ ಕೊಂಡಿಯನ್ನೇ ಕತ್ತರಿಸುತ್ತಿದ್ದ. ಒಂದೊಂದು ಕಾಲಂ ಅನ್ನೂ ಬೇರೆಬೇರೆಯಾಗಿ ತುಂಬಿಸಿ, ಎಲ್ಲದರ ಕೊನೆಗೂ ಒಂದು ಪೂರ್ಣವಿರಾಮ ಕೂರಿಸಿ, ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ. ನೋಡಿದವರೂ ಭೇಷ್ ಎನ್ನುತ್ತಿದ್ದರು. ಓದಿದವರು ಏನೆನ್ನುತ್ತಾರೆಂದು ಅವನು ಕೇಳಿದವನಲ್ಲ.

ಒಂದು ದಿನ ಒಬ್ಬ ಮುದುಕಿ ಅವನ ಅಂಗಡಿಗೆ ಬಂದಳು. ಅವಳ ಗಂಡನಿಗೆ ಮರೆವು ಹತ್ತಿತ್ತು. ಊರು ಮರೆಯಿತು, ಕಸುಬು ಮರೆಯಿತು, ಕಡೆಗೆ ಹೆಂಡತಿಯೂ ಮರೆತುಹೋದಳು. ತನ್ನ ಮನೆಯಲ್ಲೇ ಯಾರದೋ ಮನೆಗೆ ಬಂದವನಂತೆ ಸಂಕೋಚದಿಂದ ಗೋಡೆಗೆ ಒರಗಿ ಕೂರುತ್ತಿದ್ದ. ತುಟಿ ಒಣಗಿದರೂ, ಪರರ ಮನೆಯೆಂದು, ನೀರು ಕೇಳುತ್ತಿರಲಿಲ್ಲ. ತಂದಿಟ್ಟರೆ, ಬೇಡ ತಾಯಿ, ನಿಮಗೇಕೆ ತೊಂದರೆ ಎಂದು ಕೈಮುಗಿಯುತ್ತಿದ್ದ. ಇದನ್ನು ಹೇಳುವಾಗ ಮುದುಕಿಗೆ ಅಳು ತಡೆಯಲಾಗಲಿಲ್ಲ.

ಬಾಯಲ್ಲಿ ಹೇಳಿದ್ದು ಗಂಡನಿಗೆ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಗುತ್ತಿತ್ತು. ಆದರೆ ಹರೆಯದಿಂದಲೂ ದಿನಪತ್ರಿಕೆ ಓದಿದವನು, ಅಚ್ಚಾದದ್ದನ್ನು ಈಗಲೂ ನಂಬುತ್ತಿದ್ದ. ಅವನ ಬಾಳಿನ ಕತೆಯನ್ನು ಒಂದು ಹಾಳೆಯಲ್ಲಿ ಅಚ್ಚು ಮಾಡಿಸಿ ಕೈಗೆ ಕೊಟ್ಟರೆ ಮನೆ ತನ್ನದೆಂದು ತಿಳಿದಾನು, ಬಾಯಾರಿದಾಗ ನೀರು ಕೇಳಿಯಾನು ಎಂದು ಅವಳ ಆಸೆ. ಅವಳು ಹೇಳುತ್ತ ಹೋದಳು, ಪುಟ ಕಟ್ಟುವವನು ಟೈಪು ಮಾಡುತ್ತ ಹೋದ.

ಉದ್ದ ಸಾಲಿನಲ್ಲಿ ಮುದಿ ಕಣ್ಣು ದಾರಿ ತಪ್ಪುತ್ತದೆಂದು ಅವನು ದಪ್ಪ ಅಕ್ಷರ ಹಾಕಿ ಹಾಳೆಯನ್ನು ಎರಡು ಕಾಲಂ ಮಾಡಿದ. ಅಷ್ಟನ್ನು ಸರಿಯಾಗಿಯೇ ಮಾಡಿದ. ಆದರೆ ಚಾಳಿ ಬಿಡಬೇಕಲ್ಲ. ಮುದುಕಿ ಆ ಬಾಳಿನ ಕತೆಯೊಳಗೆ ಮೊದಲ ಸಲ ಬರುವ ವಾಕ್ಯ ಮೊದಲ ಕಾಲಂನ ತಳದಲ್ಲೇ ತುಂಡಾಗುತ್ತಿತ್ತು. ಅದನ್ನು ಇಡಿಯಾಗಿ ಎತ್ತಿ ಪಕ್ಕದ ಕಾಲಂಗೆ ಹಾಕಿ, ಉಳಿದ ಸಾಲುಗಳನ್ನು ಸ್ವಲ್ಪ ಸಡಿಲಿಸಿ ತಳ ಮುಟ್ಟಿಸಿದ. 'ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ನೀವು ಊರೂರು ತಿರುಗಿದಿರಿ' ಎಂಬಲ್ಲಿಗೆ ಮೊದಲ ಕಾಲಂ ಅಚ್ಚುಕಟ್ಟಾಗಿ ಮುಗಿಯಿತು.

ಮುದುಕಿ ಗಂಡನನ್ನು ಅಂಗಡಿಗೇ ಕರೆತಂದಳು. ಮುದುಕ ಹಾಳೆ ಹಿಡಿದು ಬೆರಳಿಟ್ಟು ಓದಿದ. ಹೌದು ಹೌದು ಎಂದು ತಲೆಯಾಡಿಸಿದ. ತಳಕ್ಕೆ ಬಂದವನೇ ಹಾಳೆಯನ್ನು ಮಡಿಸಿ ಜೇಬಿಗೆ ಇಡಹೋದ. ಮುದುಕಿ ಅದನ್ನು ಬಿಡಿಸಿ, ಪಕ್ಕದ ಕಾಲಂ ಮೇಲೆ ಕೈಯಿಟ್ಟು, ಇದನ್ನೂ ಓದಿ ಎಂದಳು.

"ಅದು ಬೇರೆ ಯಾರದೋ ಸುದ್ದಿ ತಾಯಿ. ನಂದು ಇಲ್ಲಿಗೇ ಮುಗೀತು" ಎಂದ ಮುದುಕ.

ಮುದುಕಿ ಸೆರಗನ್ನು ಸರಿಮಾಡಿಕೊಂಡು ಅವನ ಕೈ ಹಿಡಿದು ಎದ್ದಳು. ಪುಟ ಕಟ್ಟುವವನು ತಪ್ಪು ಎಲ್ಲಿ ಎಂದು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅಕ್ಷರ ಸರಿ, ಸಾಲು ಸರಿ, ಅಂಚು ಸರಿ. ಮಧ್ಯಾಹ್ನದ ಸೆಕೆಗೆ ಅಲ್ಲೇ ಪರದೆಯ ಮುಂದೆ ಅವನಿಗೆ ಜೋಂಪು ಹತ್ತಿತು.

ಕನಸಿನಲ್ಲಿ ಅವನು ತಾನೇ ಕಟ್ಟಿದ ಕಾಲಂನೊಳಗೆ ಇಳಿಯುತ್ತಿದ್ದ. ಸಾಲುಗಳು ಬಾವಿಯ ಮೆಟ್ಟಿಲಾಗಿದ್ದವು. ಬಹಳ ಬಾಯಾರಿಕೆ. ಇಳಿದಷ್ಟೂ ಮೆಟ್ಟಿಲು, ಕಾಲ ಕೆಳಗೆ ಅಕ್ಷರಗಳು ಮೆತ್ತಗೆ ಅಲುಗುತ್ತಿದ್ದವು. ತಳದಲ್ಲಿ ಪೂರ್ಣವಿರಾಮದಂತೆ ಒಂದು ದುಂಡನೆಯ ಕರಿಗಲ್ಲು ಕೂತಿತ್ತು, ಅದರಾಚೆ ದಾರಿಯಿಲ್ಲ. ಪಕ್ಕದಲ್ಲಿ ಬೆಳ್ಳನೆಯ ಬಯಲು. ಬಯಲಿನ ಆ ದಡದಲ್ಲಿ ಒಬ್ಬ ಹುಡುಗಿ ತಂಬಿಗೆ ಹಿಡಿದು ನಿಂತಿದ್ದಳು. ಎಷ್ಟೋ ಕಾಲದಿಂದ ನಿಂತವಳಂತೆ ಕಂಡಳು. ಅವಳು ತನಗಾಗಿ ನಿಂತಿದ್ದಾಳೆಂದು ಅವನಿಗೆ ಹೇಗೆ ತಿಳಿಯಬೇಕು? ಮೆಟ್ಟಿಲು ಮುಗಿದಿತ್ತು, ಕಲ್ಲು ತಣ್ಣಗಿತ್ತು. ಬಾಯಾರಿಕೆಯನ್ನು ಮರೆತು ಅವನು ಕಲ್ಲಿನ ಮೇಲೆ ಕೂತುಬಿಟ್ಟ. ಹುಡುಗಿ ನಿಂತೇ ಇದ್ದಳು.

ಎಚ್ಚರವಾದಾಗ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಮುಖ ಕೂಡ ತೊಳೆಯದೆ ಅವನು ಕತ್ತರಿಸಿದ ಕೊಂಡಿಯನ್ನು ಮತ್ತೆ ಜೋಡಿಸಿದ. ಸಡಿಲಿಸಿದ ಸಾಲುಗಳನ್ನು ಹಾಗೇ ಬಿಗಿಮಾಡಿದ. ಮಾತು ತನ್ನ ಪಾಡಿಗೆ ಇಳಿದು, ತುಂಬಿ, ಪಕ್ಕಕ್ಕೆ ಹರಿಯಿತು. ವಾಕ್ಯ ಮೊದಲಿನಂತೆ ನಟ್ಟನಡುವೆ ತುಂಡಾಯಿತು. ಸರಿಪಡಿಸಲು ಕೈ ತುರಿಸಿತು. ಅವನು ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತ.

ಹೇಳಿಕಳಿಸಿದಾಗ ಮುದುಕಿ ಒಲ್ಲದ ಮನಸ್ಸಿನಿಂದ ಗಂಡನನ್ನು ಕರೆದುಕೊಂಡು ಬಂದಳು. ಮುದುಕ ಮತ್ತೆ ಬೆರಳಿಟ್ಟು ಓದಿದ. ಹುಟ್ಟಿದ ಊರು ಓದಿದ, ಕಲಿತ ಕಸುಬು ಓದಿದ. 'ಒಂದು ದಿನ ಬಿಸಿಲಲ್ಲಿ ಬಾಯಾರಿ ಒಂದು ಮನೆಯ ಮುಂದೆ ನಿಂತು ನೀರು ಕೇಳಿದಾಗ ತಂಬಿಗೆ ಹಿಡಿದು ಹೊರಗೆ ಬಂದವಳು' ಎಂಬಲ್ಲಿಗೆ ತಳ ಬಂತು. ಬೆರಳು ನಿಂತಿತು. ಮುದುಕ ಹುಬ್ಬು ಗಂಟಿಕ್ಕಿದ. ಹಾಳೆಯನ್ನು ಹಿಂದುಮುಂದು ತಿರುಗಿಸಿದ. ಹಿಂದೆ ಖಾಲಿ. ಬಂದವಳು, ಬಂದವಳು ಎಂದು ತನ್ನಲ್ಲೇ ಗೊಣಗಿದ. ಆಮೇಲೆ ಬೆರಳು ಮೆಲ್ಲಗೆ ಎರಡು ಕಾಲಂಗಳ ನಡುವಿನ ಬಿಳಿಯ ಓಣಿಯನ್ನು ದಾಟಿ ಪಕ್ಕದ ಕಾಲಂನ ತಲೆಗೆ ಹತ್ತಿತು. ಅಲ್ಲಿ 'ಈಗ ನಿಮ್ಮ ಪಕ್ಕದಲ್ಲಿ ಕೂತಿರುವ ನಾನೇ' ಎಂದಿತ್ತು.

ಮುದುಕ ಹಾಳೆಯಿಂದ ತಲೆಯೆತ್ತಿದ. ಪಕ್ಕದಲ್ಲಿ ಕೂತವಳನ್ನು ಬಹಳ ಹೊತ್ತು ನೋಡಿದ.

"ಬಾಯಾರಿದೆ ಕಣೇ. ಒಂಚೂರು ನೀರು ಕೊಡು" ಎಂದ.

ಪುಟ ಕಟ್ಟುವವನು ಮೂಲೆಯ ಹೂಜಿಯ ಕಡೆಗೆ ಎದ್ದ. ಮುದುಕಿ ಬೇಡವೆಂದು ಕೈಮಾಡಿ ತಾನೇ ಎದ್ದು ನೀರು ಬಗ್ಗಿಸಿ ತಂದಳು. ಮುದುಕ ಗಟಗಟ ಕುಡಿದ. ಮಾರನೆಯ ದಿನ ಅವನು ಮತ್ತೆ ಮರೆತ. ಮತ್ತೆ ಹಾಳೆ ಓದಿದ, ಮತ್ತೆ ತಳದಲ್ಲಿ ತಡವರಿಸಿದ, ಮತ್ತೆ ದಾಟಿದ. ಅವರ ಮಿಕ್ಕ ದಿನಗಳು ಹಾಗೇ ಹೋದವು.

ಗುರುಗಳು ಕತೆ ನಿಲ್ಲಿಸಿ ಹೊಸೆದ ಬತ್ತಿಗಳನ್ನು ತಟ್ಟೆಗೆ ಹಾಕಿದರು. ಶಿಷ್ಯ, ಮುದುಕನಿಗೆ ಪಕ್ಕದ ಕಾಲಂ ಇತ್ತು, ತನ್ನ ತಂದೆಯ ಉಳಿದ ಮಾತು ಯಾವ ಹಾಳೆಯಲ್ಲಿದೆ ಎಂದು ಕೇಳಿದ.

ಗುರುಗಳು ಅವನ ಮುಖ ನೋಡಿ ನಕ್ಕರು.

"ನಿನ್ನ ತಂದೆ ವಾಕ್ಯ ಮುಗಿಸಿ ಹೋಗಿದ್ದರೆ ನೀನು ಮನೆಯ ಹೊಸಿಲು ದಾಟುತ್ತಿದ್ದೆಯಾ?"

ಶಿಷ್ಯ ಎದ್ದು ಕಂಪ್ಯೂಟರಿನ ಮುಂದೆ ಕುಳಿತು, ಕಾಲಂನ ತಳದಲ್ಲಿ ತುಂಡಾಗಿ ನಿಂತಿದ್ದ ವಾಕ್ಯವನ್ನು ಹಾಗೆಯೇ ಬಿಟ್ಟು ಮುಂದಿನ ಪುಟಕ್ಕೆ ಹೋದ.