ಉಂಡ ಮೇಲೆ ಹೇಳಿದ ಮಾತು

ಒಂದಾನೊಂದು ಊರು. ಊರಿಗೊಬ್ಬ ರಾಜ, ರಾಜನಿಗೆ ಒಬ್ಬನೇ ಮಗ. ಈ ಕಥೆ ಹೇಳಿ ಹೇಳಿ ನನಗೂ ಸಾಕಾಗಿದೆ. ಆದರೂ ಕೂತಿದ್ದೀರಲ್ಲ, ಕೇಳಿ.

ಆ ರಾಜನ ತಾಯಿ ಸತ್ತಾಗ ಆಳೊಬ್ಬ ಬಾಗಿಲಲ್ಲೇ ನಿಂತು ಸುದ್ದಿ ಕೂಗಿ ಓಡಿಹೋಗಿದ್ದನಂತೆ. ಅವತ್ತೇ ರಾಜ ಕಟ್ಟಳೆ ಮಾಡಿದ: ಕೆಟ್ಟ ಸುದ್ದಿ ತಂದವನ ನಾಲಿಗೆ ಕತ್ತರಿಸಬೇಕು.

ಅಂಥ ಅರಮನೆಗೆ ಕೆಲಸ ಕೇಳಿಕೊಂಡು ಇಬ್ಬರು ಅಣ್ಣತಮ್ಮಂದಿರು ಬಂದರಂತೆ. ಅಣ್ಣ ದೊಡ್ಡೀರ, ಗೂಳಿಯ ಕೊಂಬು ಹಿಡಿದು ನಿಲ್ಲಿಸುವವನು. ಮಂತ್ರಿ ಕಂಡಕೂಡಲೇ ಅವನನ್ನು ದಳವಾಯಿ ಮಾಡಿದ. ತಮ್ಮ ಚಿಕ್ಕೀರನನ್ನು ನೋಡಿ, "ನಿನಗೇನು ಬರುತ್ತಪ್ಪ?" ಅಂದ.

"ಅಳೋರ ಹತ್ರ ಕೂರೋಕೆ ಬರುತ್ತೆ ಸ್ವಾಮಿ. ನಮ್ಮೂರಲ್ಲಿ ಸಾವಿನ ಸುದ್ದಿ ಹೇಳೋಕೆ ನನ್ನನ್ನೇ ಕಳಿಸ್ತಾರೆ."

ಸಭೆಯೆಲ್ಲ ನಕ್ಕಿತಂತೆ. ಎಲ್ಲರಿಗಿಂತ ಜೋರಾಗಿ ನಕ್ಕವನು ದೊಡ್ಡೀರ. ಚಿಕ್ಕೀರನಿಗೆ ನೀರು ಹೊರುವ ಕೆಲಸ ಸಿಕ್ಕಿತು. ಹೊತ್ತ, ಹೊತ್ತ, ಹೆಗಲು ಜಡ್ಡುಗಟ್ಟುವ ತನಕ ಹೊತ್ತ.

ಹೀಗಿರುವಾಗ ಬೇಟೆಗೆ ಹೋದ ರಾಜಕುಮಾರ ಹೊಳೆಯಲ್ಲಿ ಮುಳುಗಿ ಸತ್ತ. ಜೊತೆಗಿದ್ದವರು ಬಂದು ಮಂತ್ರಿಯ ಕಿವಿಯಲ್ಲಿ ಹೇಳಿದರು. ರಾಜನೋ, ಮಗ ಬಂದ ಮೇಲೇ ಊಟ ಅಂತ ಕಾದು ಕೂತಿದ್ದಾನೆ. ಹೇಳುವವರು ಯಾರು? ಮಂತ್ರಿ ದೊಡ್ಡೀರನ ಬೆನ್ನು ತಟ್ಟಿ, "ಗಟ್ಟಿಮುಟ್ಟಾಗಿದ್ದೀಯ, ನೀನೇ ಹೋಗು" ಅಂದ. ಗೂಳಿ ನಿಲ್ಲಿಸುವವನು ನೀರು ಹೊರುವ ತಮ್ಮನ ಹತ್ತಿರ ಓಡಿದ.

"ತಮ್ಮಾ, ನನ್ನ ನಾಲಿಗೆ ಹೋಯ್ತು ಕಣೋ!" ಅಂತ ಅತ್ತ.

ಚಿಕ್ಕೀರ ಕೊಡ ಇಳಿಸಿದ. "ನೀನಿರು ಅಣ್ಣ, ನಾನು ಹೋಗ್ತೀನಿ" ಅಂದ. ಅವನಿಗೂ ಭಯವೇ. ಆದರೆ ಅಣ್ಣ ಅಳುವುದನ್ನು ನೋಡಲಾಗಲಿಲ್ಲ.

ರಾಜನ ಮುಂದೆ ಹೋಗಿ ಕೈಮುಗಿದ. "ಊಟ ಆಯ್ತಾ ಬುದ್ದಿ?"

"ಮಗ ಬರಲಿ."

"ಕಾಯೋರು ಉಂಡು ಕಾಯಬೇಕು ಬುದ್ದಿ."

ಮೊಸರನ್ನ ತರಿಸಿದ. ರಾಜ ಕೊನೆಯ ತುತ್ತು ನುಂಗುವ ತನಕ ತುಟಿ ಬಿಚ್ಚದೆ ಕೂತ. ಕೈಗೆ ನೀರು ಹಾಕಿದ, ಒರೆಸಿದ. ಆ ಕೈ ಬಿಡದೆ, ಸುತ್ತಿ ಬಳಸದೆ ಹೇಳಿದ: "ಚಿಕ್ಕಬುದ್ದಿಯೋರು ಹೊಳೆಪಾಲಾದ್ರು, ಬುದ್ದಿ."

ರಾಜನ ಇನ್ನೊಂದು ಕೈ ಕತ್ತಿಗೆ ಹೋಯಿತು. ಚಿಕ್ಕೀರ ಓಡಲಿಲ್ಲ. ಕತ್ತಿ ಒರೆಯಲ್ಲೇ ಉಳಿಯಿತು, ರಾಜ ಗೋಳೋ ಅಂತ ಅತ್ತ. ಚಿಕ್ಕೀರ ಹಣೆಬರಹ ಅನ್ನಲಿಲ್ಲ, ಅಳಬೇಡಿ ಅನ್ನಲಿಲ್ಲ. ಹೊತ್ತು ಮುಳುಗುವ ತನಕ ಪಕ್ಕದಲ್ಲೇ ಇದ್ದನಂತೆ.

"ಮೊದಲು ಉಣ್ಣಿಸಿದ್ದು ಯಾಕೋ?" ಅಂದ ರಾಜ.

"ಸುದ್ದಿ ಕೇಳಿದ ಮೇಲೆ ಯಾರ ಗಂಟಲಲ್ಲೂ ಅನ್ನ ಇಳಿಯಲ್ಲ ಬುದ್ದಿ. ಅಳೋಕೂ ತ್ರಾಣ ಬೇಕಲ್ಲ."

ರಾಜ ಆ ಕಟ್ಟಳೆ ತೆಗೆದುಹಾಕಿದ. ತಿಥಿ ಕಳೆದ ಮೇಲೆ ಚಿಕ್ಕೀರನನ್ನೇ ಮಂತ್ರಿ ಮಾಡಿದ.

ದೊಡ್ಡೀರ ಮೀಸೆ ತಿರುವಿಕೊಂಡು ಊರೆಲ್ಲ ಹೇಳಿ ಬಂದನಂತೆ: "ಅದೇನು ಮಹಾ ವಿದ್ಯೆ? ಮೊಸರನ್ನ ಉಣ್ಣಿಸಿ ಪಕ್ಕದಲ್ಲಿ ಕೂರೋದು ಯಾರಿಗೆ ಬರಲ್ಲ?" ತಮ್ಮ ಉಳಿಸಿಕೊಟ್ಟ ನಾಲಿಗೆಯಲ್ಲೇ ಹೇಳಿದ. ಚಿಕ್ಕೀರನ ಕಿವಿಗೂ ಬಿತ್ತು. "ಹೂಂ, ನಿಜ ಅಣ್ಣ" ಅಂದ. ಇನ್ನೊಂದು ಮನೆಗೆ ಸುದ್ದಿ ಹೇಳುವುದಿತ್ತು, ಹೊರಟ.

ಅವರ ಕಥೆ ಅವರೂರಿಗೆ ಹೋಯಿತು, ನನ್ನ ನಿದ್ದೆ ನನ್ನ ಕಣ್ಣಿಗೆ ಬಂತು. ಏಳಿ, ಚಾಪೆ ಬಿಡಿ.